ಡಾಡ್ಜ್‌ಗೆ ಏನಾಯಿತು? ಹೋದ ವಿ8 ಯಾಕೆ ವಾಪಸ್ ಬಂತು?

2023ರ ಡಿಸೆಂಬರ್‌ನಲ್ಲಿ ಕೆನಡಾದ ಬ್ರಾಂಪ್ಟನ್ ಕಾರ್ಖಾನೆಯಿಂದ ಅಮೆರಿಕದ ಡಾಡ್ಜ್ ಬ್ರ್ಯಾಂಡ್‌ನ ಕೊನೆಯ ಚಾಲೆಂಜರ್ ಕಾರು ಹೊರಬಿತ್ತು. ಕಪ್ಪು ಬಣ್ಣದ, ಡೀಮನ್ 170 ಎಂಬ ಆವೃತ್ತಿ ಅದು. ಮೆಕ್ಕೆಜೋಳದ ಎಥನಾಲ್ ಬೆರೆಸಿದ ಇಂಧನ ಹಾಕಿದರೆ 1,025 ಎಚ್‌ಪಿ (ಅಶ್ವಶಕ್ತಿ) ಕೊಡುವ ಕಾರು. ಅಲ್ಲಿಗೆ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಇರುವ ಮಸಲ್ ಕಾರುಗಳ ಕಾಲ ಮುಗಿಯಿತು, ಇನ್ನು ಮುಂದೆ ಎಲೆಕ್ಟ್ರಿಕ್ ಎಂದು ಕಂಪನಿ ಹೇಳಿತು. 2024ರ ಕೊನೆಯ ಹೊತ್ತಿಗೆ ಎಲೆಕ್ಟ್ರಿಕ್ ಚಾರ್ಜರ್ ಡೇಟೋನಾ ಮಾರಾಟಕ್ಕೆ ಬಂತು.

ಆಮೇಲಿನ ಸುದ್ದಿಗಳನ್ನು ಓದಿದವರಿಗೆ ತಲೆ ಕೆಟ್ಟಿದ್ದರೆ ಆಶ್ಚರ್ಯವಿಲ್ಲ. 2025ರಲ್ಲಿ ಸೋದರ ಬ್ರ್ಯಾಂಡ್ ರ‍್ಯಾಮ್‌ನ ಪಿಕಪ್‌ಗೆ ಹೆಮಿ ಎಂಬ ಹೆಸರಿನ ವಿ8 ಎಂಜಿನ್ ಮರಳಿತು. ಡಾಡ್ಜ್ ಡುರಾಂಗೊ ಎಸ್‌ಯುವಿಯ 2026ರ ಮಾಡೆಲ್‌ಗಳು ಪೂರ್ತಿ ವಿ8 ಎಂದು ಘೋಷಣೆಯಾಯಿತು. ಎಲೆಕ್ಟ್ರಿಕ್ ಚಾರ್ಜರ್‌ನಲ್ಲಿ ಕಡಿಮೆ ಬೆಲೆಯ ಆವೃತ್ತಿಯನ್ನೇ ಕೈಬಿಟ್ಟರು. ಅದೇ ಕಾರಿಗೆ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಕೂರಿಸಿದರು. ಅತಿ ವೇಗದ ಕಾರು ಮಾಡುತ್ತಿದ್ದ, ಮುಚ್ಚಿಟ್ಟಿದ್ದ ಎಸ್‌ಆರ್‌ಟಿ ವಿಭಾಗಕ್ಕೆ ಮತ್ತೆ ಜೀವ ಕೊಟ್ಟರು. ಎರಡು ವರ್ಷವೂ ತುಂಬುವ ಮೊದಲೇ ಇಷ್ಟೆಲ್ಲ ತಿರುಗುಮುರುಗು.

ಇದಕ್ಕೆ ಸುಲಭದ ವಿವರಣೆಗಳು ಬೇಕಾದಷ್ಟಿವೆ. ಎಲೆಕ್ಟ್ರಿಕ್ ಕಾರು ಡಾಡ್ಜ್ ಅನ್ನು ಮುಳುಗಿಸಿತು ಅನ್ನುತ್ತಾರೆ ಕೆಲವರು. ಪರಿಸರ ಕಾನೂನು ಕೊಂದಿತು ಅನ್ನುತ್ತಾರೆ ಇನ್ನು ಕೆಲವರು. ಎರಡರಲ್ಲೂ ಸ್ವಲ್ಪ ನಿಜವಿದೆ, ಆದರೆ ಮೂಲ ಬೇರೆ ಕಡೆ ಇದೆ. ಡಾಡ್ಜ್ ಇಷ್ಟು ವರ್ಷ ಮಾರಿದ್ದು ಕಡಿಮೆ ದುಡ್ಡಿಗೆ ಸಿಗುವ ಜಾಸ್ತಿ ಶಕ್ತಿಯನ್ನು. ಆ ಶಕ್ತಿಯನ್ನು ಅಗ್ಗವಾಗಿಸಿದ್ದ ಕಾರಣಗಳು ಯಾವಾಗೆಲ್ಲ ಕೈತಪ್ಪಿದವೋ ಆಗೆಲ್ಲ ಡಾಡ್ಜ್ ಬಿದ್ದಿದೆ. 1970ರ ದಶಕದಲ್ಲಿ ಆಗಿದ್ದು ಇದೇ, ಈಗ ಆಗುತ್ತಿರುವುದೂ ಇದೇ.

ಬಿಡಿಭಾಗದ ಅಂಗಡಿಯಿಂದ ಹೆಮಿವರೆಗೆ

ಜಾನ್ ಡಾಡ್ಜ್ ಮತ್ತು ಹೊರೇಸ್ ಡಾಡ್ಜ್ ಡೆಟ್ರಾಯಿಟ್‌ನಲ್ಲಿ ಯಂತ್ರದ ಕೆಲಸದ ಅಂಗಡಿ ಇಟ್ಟುಕೊಂಡಿದ್ದ ಅಣ್ಣ ತಮ್ಮಂದಿರು. 1903ರಲ್ಲಿ ಹೆನ್ರಿ ಫೋರ್ಡ್ ಕಂಪನಿ ಶುರು ಮಾಡಿದಾಗ ಕಾರಿನ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಮಾಡಿಕೊಟ್ಟವರು ಇವರು. ಬದಲಿಗೆ ಫೋರ್ಡ್ ಕಂಪನಿಯಲ್ಲಿ ಶೇ 10ರಷ್ಟು ಪಾಲು ಸಿಕ್ಕಿತು. 1914ರಲ್ಲಿ ತಮ್ಮದೇ ಹೆಸರಿನ ಕಾರು ತಂದರು. 1920ರಲ್ಲಿ ಇಬ್ಬರೂ ಒಂದೇ ವರ್ಷ ತೀರಿಕೊಂಡರು. ಕಂಪನಿ ಕೈಯಿಂದ ಕೈಗೆ ಹೋಗಿ 1928ರಲ್ಲಿ ಕ್ರೈಸ್ಲರ್ ಪಾಲಾಯಿತು.

ಆ ಕಾಲದಲ್ಲಿ ಡಾಡ್ಜ್ ಅಂದರೆ ಗಟ್ಟಿಮುಟ್ಟು, ಸಾಧಾರಣ ಕಾರು ಮತ್ತು ಲಾರಿ. ನಮ್ಮ ಕಡೆಯ ಹಳಬರಿಗೂ ಡಾಡ್ಜ್ ಅಂದರೆ ನೆನಪಾಗುವುದು ಲಾರಿಯೇ. ಇದರ ಹಿಂದೆ ಮೈಸೂರಿನ ಕಥೆಯೊಂದಿದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಅವರು ದೇಶದಲ್ಲೇ ಕಾರು ಕಾರ್ಖಾನೆ ಆಗಬೇಕೆಂದು ಯೋಜನೆ ಮಾಡಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದಕ್ಕಾಗಿ ಕ್ರೈಸ್ಲರ್ ಜೊತೆ ಮಾತುಕತೆ ಮಾಡಿದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಕೈಜೋಡಿಸಲು ತಯಾರಿತ್ತು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಕಾರು ಕಾರ್ಖಾನೆಯ ಬದಲು 1940ರಲ್ಲಿ ಬೆಂಗಳೂರಿಗೆ ಬಂದದ್ದು ಹಿಂದುಸ್ತಾನ್ ಏರ್‌ಕ್ರಾಫ್ಟ್. ವಾಲ್‌ಚಂದ್ ಅವರ ಪ್ರೀಮಿಯರ್ ಆಟೊಮೊಬೈಲ್ಸ್ ಮುಂದೆ ಬೊಂಬಾಯಿಯ ಕುರ್ಲಾದಲ್ಲಿ ನೆಲೆಯಾಯಿತು. ಡಾಡ್ಜ್ ಮತ್ತು ಫಾರ್ಗೋ ಗಾಡಿಗಳನ್ನು ಅಲ್ಲಿ ಜೋಡಿಸಿದರು.

ಅಮೆರಿಕದಲ್ಲಿ ಡಾಡ್ಜ್‌ನ ಗುರುತು ಬದಲಾದದ್ದು 1960ರ ದಶಕದಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹುಟ್ಟಿದ ಮಕ್ಕಳು ಆಗಷ್ಟೇ ಲೈಸೆನ್ಸ್ ಪಡೆಯುತ್ತಿದ್ದರು. ಅವರ ಹತ್ತಿರ ಕೆಲಸವಿತ್ತು, ಕೈಯಲ್ಲಿ ಒಂದಿಷ್ಟು ದುಡ್ಡಿತ್ತು, ಯುರೋಪಿನ ಸ್ಪೋರ್ಟ್ಸ್ ಕಾರು ಕೊಳ್ಳುವಷ್ಟಲ್ಲ. ಮನೆಮಂದಿ ಓಡಾಡುವ ಸಾಧಾರಣ ಕಾರಿಗೆ ದೊಡ್ಡ ಕಾರಿನ ಎಂಜಿನ್ ಹಾಕಿ ಕೊಟ್ಟರೆ ಹೇಗೆ? ಮಸಲ್ ಕಾರು ಅಂದರೆ ಇಷ್ಟೇ. ಬಾಡಿ ಈಗಾಗಲೇ ಇದೆ, ಎಂಜಿನ್ ಈಗಾಗಲೇ ಇದೆ. ಹೊಸದಾಗಿ ಖರ್ಚು ಮಾಡುವುದು ಕಡಿಮೆ. ಅದಕ್ಕೇ ಬೆಲೆಯೂ ಕಡಿಮೆ.

ಕ್ರೈಸ್ಲರ್ ಕೈಯಲ್ಲಿದ್ದ ಆಯುಧ 426 ಹೆಮಿ. ಏಳು ಲೀಟರಿನ ಎಂಜಿನ್. ಪೆಟ್ರೋಲ್ ಉರಿಯುವ ಜಾಗದ ಮೇಲ್ಭಾಗ ಗುಮ್ಮಟದ ಆಕಾರದಲ್ಲಿರುತ್ತದೆ. ಒಳಬರುವ ಗಾಳಿಯ ಕವಾಟ ಒಂದು ಬದಿಗೆ, ಹೊಗೆ ಹೊರಹೋಗುವ ಕವಾಟ ಎದುರು ಬದಿಗೆ. ಹಾಗಾಗಿ ಕವಾಟಗಳನ್ನು ದೊಡ್ಡದಾಗಿ ಮಾಡಬಹುದು. ಎಂಜಿನ್ ಸಲೀಸಾಗಿ ಉಸಿರಾಡುತ್ತದೆ, ಶಕ್ತಿ ಜಾಸ್ತಿ ಸಿಗುತ್ತದೆ. 1964ರ ಡೇಟೋನಾ 500 ರೇಸಿನಲ್ಲಿ ಈ ಎಂಜಿನ್ ಇದ್ದ, ಕ್ರೈಸ್ಲರ್‌ನದೇ ಇನ್ನೊಂದು ಬ್ರ್ಯಾಂಡ್ ಆದ ಪ್ಲಿಮತ್‌ನ ಕಾರುಗಳು ಮೊದಲ ಮೂರೂ ಸ್ಥಾನ ಹೊಡೆದವು. ಗೆದ್ದವರು ರಿಚರ್ಡ್ ಪೆಟ್ಟಿ. ಮಾಮೂಲಿ ಗಿರಾಕಿಗಳಿಗೆ ಸಿಗದ ಎಂಜಿನ್ ರೇಸಿನಲ್ಲಿ ಬೇಡ ಎಂದು ರೇಸ್ ನಡೆಸುವ ಸಂಸ್ಥೆ ನಾಸ್ಕಾರ್ ತಗಾದೆ ತೆಗೆಯಿತು. ಅದಕ್ಕೆ ಉತ್ತರವಾಗಿ 1966ರಲ್ಲಿ ಹೆಮಿ ರಸ್ತೆಗೆ ಇಳಿಯಿತು. ಅದೇ ವರ್ಷ ಚಾರ್ಜರ್ ಬಂತು. 1970ರ ಮಾರ್ಚ್‌ನಲ್ಲಿ ಬಡ್ಡಿ ಬೇಕರ್ ಎಂಬ ಚಾಲಕ ಟಾಲಡೆಗಾ ಟ್ರ್ಯಾಕಿನಲ್ಲಿ ಚಾರ್ಜರ್ ಡೇಟೋನಾವನ್ನು ಗಂಟೆಗೆ 200 ಮೈಲಿ, ಅಂದರೆ 320 ಕಿಲೋಮೀಟರಿಗೂ ಮೀರಿ ಓಡಿಸಿದರು. ಸುತ್ತು ಹೊಡೆಯುವ ಟ್ರ್ಯಾಕಿನಲ್ಲಿ ಆ ವೇಗ ದಾಟಿದ್ದು ಅದೇ ಮೊದಲು.

ಮೊದಲ ಸಲ ಬಿದ್ದದ್ದು ಹೇಗೆ

1970ರ ಮಾಡೆಲ್ ವರ್ಷಕ್ಕೆ ಚಾಲೆಂಜರ್ ಬಂತು. ನಾಲ್ಕೇ ವರ್ಷದಲ್ಲಿ ನಿಂತೂ ಹೋಯಿತು. ಇದಕ್ಕೆ 1973ರ ತೈಲ ಬಿಕ್ಕಟ್ಟೇ ಕಾರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಹೆಮಿ ನಿಂತದ್ದು 1971ರಲ್ಲಿ, ತೈಲ ಬಿಕ್ಕಟ್ಟಿಗೆ ಎರಡು ವರ್ಷ ಮುಂಚೆಯೇ.

ಮೊದಲು ಕೈ ಕೊಟ್ಟದ್ದು ವಿಮೆ. ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗರು 400 ಎಚ್‌ಪಿ ಕಾರು ಓಡಿಸಿ ಅಪಘಾತ ಮಾಡಿಕೊಳ್ಳುತ್ತಿದ್ದರು. ವಿಮೆ ಕಂಪನಿಗಳು ಪ್ರೀಮಿಯಂ ಏರಿಸಿದವು. ಕಾರು ಅಗ್ಗವಾಗಿಯೇ ಇತ್ತು, ಇಟ್ಟುಕೊಳ್ಳುವುದು ದುಬಾರಿಯಾಯಿತು. ಆಮೇಲೆ 1970ರ ಶುದ್ಧ ಗಾಳಿ ಕಾನೂನು ಬಂತು. ಸೀಸ ಕಡಿಮೆ ಇರುವ ಪೆಟ್ರೋಲಿಗೆ ಹೊಂದಿಸಲು ಎಂಜಿನ್‌ಗಳ ಒತ್ತಡ ಇಳಿಸಬೇಕಾಯಿತು, ಶಕ್ತಿಯೂ ಇಳಿಯಿತು. ತೈಲ ಬಿಕ್ಕಟ್ಟು ಬಂದದ್ದು ಕೊನೆಗೆ.

ಹೆಸರುಗಳು ಮಾತ್ರ ಉಳಿದವು. ಚಾಲೆಂಜರ್ ಹೆಸರನ್ನು ಜಪಾನಿನ ಮಿತ್ಸುಬಿಷಿ ಮಾಡಿದ ಕಾರಿಗೆ ಅಂಟಿಸಿದರು. 1980ರ ದಶಕದಲ್ಲಿ ಚಾರ್ಜರ್ ಅನ್ನುವ ಹೆಸರು ಮುಂದಿನ ಚಕ್ರ ಎಳೆಯುವ ಸಣ್ಣ ಹ್ಯಾಚ್‌ಬ್ಯಾಕ್‌ಗೆ ಹೋಯಿತು. ಕ್ರೈಸ್ಲರ್ ದಿವಾಳಿಯ ಅಂಚಿಗೆ ಹೋಗಿ 1979ರಲ್ಲಿ ಸರ್ಕಾರದ ಸಾಲ ಖಾತರಿಯಿಂದ ಬದುಕಿತು. ಲೀ ಅಯಕೋಕಾ ನಾಯಕತ್ವದಲ್ಲಿ ಕಂಪನಿಯನ್ನು ಎತ್ತಿದ್ದು ಏರೀಸ್‌ನಂಥ ಸಾದಾ ಕಾರು ಮತ್ತು ಕ್ಯಾರವಾನ್ ಮಿನಿವ್ಯಾನ್. 1992ರಲ್ಲಿ ಹತ್ತು ಸಿಲಿಂಡರಿನ ವೈಪರ್ ಬಂದು ಮತ್ತೆ ಆಸೆ ಹುಟ್ಟಿಸಿತು ನಿಜ. ಆದರೆ ಅದು ಸಿರಿವಂತರ ಆಟಿಕೆ.

ಹಳೆ ಚಾಸಿಯ ಮೇಲೆ ಕಟ್ಟಿದ ಸಾಮ್ರಾಜ್ಯ

ಎರಡನೇ ಏಳಿಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಈಗಿನ ತೊಂದರೆಯ ಬೀಜ ಇರುವುದು ಅಲ್ಲೇ.

1998ರಿಂದ 2007ರವರೆಗೆ ಕ್ರೈಸ್ಲರ್ ಮರ್ಸಿಡಿಸ್ ಕಾರು ಮಾಡುವ ಜರ್ಮನಿಯ ಡೈಮ್ಲರ್ ಜೊತೆಗಿತ್ತು. ಆ ಮದುವೆ ಮುರಿದುಬಿತ್ತು, ಆದರೆ ಒಂದು ಒಳ್ಳೆಯ ಚಾಸಿಯನ್ನು ಬಿಟ್ಟುಹೋಯಿತು. ಹಿಂದಿನ ಸಸ್ಪೆನ್ಷನ್ ವಿನ್ಯಾಸ, ಗೇರ್‌ಬಾಕ್ಸ್ ಸೇರಿದಂತೆ ಅದರ ಕೆಲವು ಭಾಗಗಳು ಮರ್ಸಿಡಿಸ್‌ನಿಂದ ಬಂದವು. ಇದರ ಮೇಲೆ 2006ರ ಮಾಡೆಲ್‌ಗೆ ನಾಲ್ಕು ಬಾಗಿಲಿನ ಚಾರ್ಜರ್ ಬಂತು, 2008ರಲ್ಲಿ ಎರಡು ಬಾಗಿಲಿನ ಚಾಲೆಂಜರ್ ಬಂತು. ಎಂಜಿನ್ ಎಲ್ಲಿಂದ? 2003ರಲ್ಲಿ ಪಿಕಪ್ ಟ್ರಕ್ಕಿಗೆಂದು ಹೊಸದಾಗಿ ಮಾಡಿದ ಹೆಮಿ ಇತ್ತು. ಟ್ರಕ್ಕುಗಳು ಲಕ್ಷಗಟ್ಟಲೆ ಮಾರಾಟವಾಗುವುದರಿಂದ ಎಂಜಿನ್ ಖರ್ಚು ಹಂಚಿಹೋಗುತ್ತಿತ್ತು. ಪೊಲೀಸ್ ಇಲಾಖೆಗಳು ಚಾರ್ಜರ್ ಅನ್ನು ಗುಂಪುಗುಂಪಾಗಿ ಕೊಳ್ಳುತ್ತಿದ್ದರಿಂದ ಕಾರ್ಖಾನೆಗೆ ಕೆಲಸವೂ ಇತ್ತು.

2009ರಲ್ಲಿ ಕ್ರೈಸ್ಲರ್ ನಿಜವಾಗಿಯೂ ದಿವಾಳಿಯಾಯಿತು. ಈ ಸಲ ಇಟಲಿಯ ಫಿಯಟ್ ಬಂತು, ಸೆರ್ಜಿಯೊ ಮಾರ್ಕಿಯೊನೆ ಮುಖ್ಯಸ್ಥರಾದರು. ಟ್ರಕ್ಕುಗಳನ್ನು ಡಾಡ್ಜ್‌ನಿಂದ ಬೇರ್ಪಡಿಸಿ ರ‍್ಯಾಮ್ ಅನ್ನುವ ಬ್ರ್ಯಾಂಡ್ ಮಾಡಿದರು. ಡಾಡ್ಜ್ ಹೆಸರಿನಲ್ಲಿ ಅತಿ ಜಾಸ್ತಿ ಮಾರುತ್ತಿದ್ದ ಗಾಡಿ ಹಾಗೆ ಕೈಬಿಟ್ಟಿತು. ಉಳಿದ ಕಾರುಗಳಿಗೆ ಹೊಸ ಚಾಸಿ ಮಾಡಲು ದುಡ್ಡು ಸಾಲದು. ಇದ್ದದ್ದು ಹಳೆ ಚಾಸಿ, ಹಳೆ ಎಂಜಿನ್, ಮತ್ತು ಅವನ್ನು ಚೆನ್ನಾಗಿ ಬಲ್ಲ ಎಂಜಿನಿಯರುಗಳು.

ಅವರು ಮಾಡಿದ್ದು ದೊಡ್ಡ ಕೆಲಸ ಎಂದು ಒಪ್ಪಲೇಬೇಕು. 6.2 ಲೀಟರಿನ ಹೆಮಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಕೂರಿಸಿ 2014ರಲ್ಲಿ ಹೆಲ್‌ಕ್ಯಾಟ್ ತಂದರು. 707 ಎಚ್‌ಪಿ. ಚಾಲೆಂಜರ್ ಹೆಲ್‌ಕ್ಯಾಟ್‌ನ ಆರಂಭಿಕ ಬೆಲೆ 60 ಸಾವಿರ ಡಾಲರಿಗೆ ಐದು ಡಾಲರ್ ಕಡಿಮೆ. ಅಷ್ಟು ಶಕ್ತಿಯ ಇಟಲಿಯ ಕಾರು ಬೇಕೆಂದರೆ ಅದರ ಐದು ಪಟ್ಟಿಗೂ ಹೆಚ್ಚು ಕೊಡಬೇಕಿತ್ತು. ಅದಕ್ಕಿಂತ ಕೆಳಗೆ, ಸುಮಾರು 40 ಸಾವಿರ ಡಾಲರಿಗೆ, 485 ಎಚ್‌ಪಿಯ ಸ್ಕ್ಯಾಟ್ ಪ್ಯಾಕ್ ಸಿಗುತ್ತಿತ್ತು. ನನ್ನ ಪ್ರಕಾರ ಡಾಡ್ಜ್ ನಿಜವಾಗಿ ನಿಂತಿದ್ದು ಈ ಸ್ಕ್ಯಾಟ್ ಪ್ಯಾಕ್ ಮೇಲೆ. ಹೆಲ್‌ಕ್ಯಾಟ್ ಪೋಸ್ಟರಿನಲ್ಲಿತ್ತು, ಸ್ಕ್ಯಾಟ್ ಪ್ಯಾಕ್ ಮನೆ ಮುಂದೆ ನಿಂತಿತ್ತು.

ಈ ಬೆಲೆ ಹೇಗೆ ಸಾಧ್ಯವಾಯಿತು? ಚಾಸಿಗೆ, ಅಚ್ಚುಗಳಿಗೆ, ಯಂತ್ರಗಳಿಗೆ ಹಾಕಿದ ದುಡ್ಡು ಯಾವತ್ತೋ ವಾಪಸ್ ಬಂದಿತ್ತು. ಸಾಲ ತೀರಿದ ಮನೆಯಿಂದ ಬಾಡಿಗೆ ಬಂದ ಹಾಗೆ, ಒಂದೊಂದು ಕಾರಿನ ಮೇಲೂ ಲಾಭ. 2021ರಲ್ಲಂತೂ ಹದಿಮೂರು ವರ್ಷ ಹಳೆಯ ಚಾಲೆಂಜರ್ ಅಮೆರಿಕದಲ್ಲಿ ಫೋರ್ಡ್ ಮಸ್ಟಾಂಗ್ ಅನ್ನೂ ಶೆವ್ರೊಲೆ ಕಮಾರೊವನ್ನೂ ಹಿಂದೆ ಹಾಕಿ 54 ಸಾವಿರ ಮಾರಾಟವಾಯಿತು.

ಆದರೆ ಆ ಲಾಭದಲ್ಲಿ ಡಾಡ್ಜ್‌ನ ನಾಳೆಗೆ ಎಷ್ಟು ಹೋಯಿತು? 2016ರಲ್ಲಿ ಸಣ್ಣ ಕಾರು ಡಾರ್ಟ್ ನಿಂತಿತು. 2020ರಲ್ಲಿ ಗ್ರ್ಯಾಂಡ್ ಕ್ಯಾರವಾನ್ ಮತ್ತು ಜರ್ನಿ ನಿಂತವು. ಒಂದಕ್ಕೂ ನೇರ ಬದಲಿ ಬರಲಿಲ್ಲ. ಬ್ರ್ಯಾಂಡ್ ಎರಡು ಕಾರು, ಒಂದು ಎಸ್‌ಯುವಿಗೆ ಇಳಿಯಿತು. ಆ ಎರಡು ಕಾರುಗಳೂ ಒಂದೇ ಹಳೆ ಚಾಸಿಯವು.

ದಂಡದ ಲೆಕ್ಕ

ಅಮೆರಿಕದಲ್ಲಿ ಕಾರು ಕಂಪನಿಗಳ ಮೈಲೇಜಿಗೆ ರಾಷ್ಟ್ರೀಯ ನಿಯಮವಿದೆ. ಅದನ್ನು ಕೆಫೆ ನಿಯಮ ಎಂದು ಕರೆಯುತ್ತಾರೆ. ಒಂದೊಂದು ಕಾರಿಗೂ ಇಷ್ಟೇ ಮೈಲೇಜ್ ಇರಬೇಕು ಅಂತ ಅಲ್ಲ. ಕಂಪನಿ ವರ್ಷಕ್ಕೆ ಮಾರುವ ಕಾರುಗಳ ಸರಾಸರಿ ಒಂದು ಗುರಿ, ಟ್ರಕ್ಕುಗಳ ಸರಾಸರಿ ಇನ್ನೊಂದು ಗುರಿ ಮುಟ್ಟಬೇಕು. ಮುಟ್ಟದಿದ್ದರೆ 2025ರವರೆಗೆ ದಂಡವಿತ್ತು. ಅಥವಾ ಗುರಿ ಮೀರಿ ಸಾಧಿಸಿದ ಬೇರೆ ಕಂಪನಿಯಿಂದ ಕ್ರೆಡಿಟ್, ಅಂದರೆ ಅದರ ಬಳಿ ಮಿಕ್ಕಿದ ಅಂಕ, ಕೊಳ್ಳಬೇಕಿತ್ತು.

ಬಹಳ ವರ್ಷ ಈ ದಂಡ ಸಣ್ಣದಾಗಿತ್ತು. ಗ್ಯಾಲನ್ನಿಗೆ 0.1 ಮೈಲಿ ಕಡಿಮೆಯಾದರೆ ಒಂದು ಗಾಡಿಗೆ 5.50 ಡಾಲರ್. 2019ರ ಮಾಡೆಲ್‌ಗಳಿಂದ ಅದು 14 ಡಾಲರಿಗೆ ಏರಿತು. ಒಂದು ಲೆಕ್ಕ ಹಾಕಿ ನೋಡೋಣ. ಒಂದು ಕಂಪನಿ ಗುರಿಗಿಂತ 3 ಮೈಲಿ ಹಿಂದಿದೆ ಎಂದುಕೊಳ್ಳಿ. ಹಳೆ ದರದಲ್ಲಿ ಗಾಡಿಗೆ 165 ಡಾಲರ್, ಹೊಸ ದರದಲ್ಲಿ 420 ಡಾಲರ್. ಅದು ವರ್ಷಕ್ಕೆ 10 ಲಕ್ಷ ಗಾಡಿ ಮಾರಿದರೆ ಹೊಸ ದಂಡ 42 ಕೋಟಿ ಡಾಲರ್. ಮೊದಲು ದಂಡ ಕಟ್ಟಿಯೇ ವ್ಯಾಪಾರ ಮಾಡಬಹುದಿತ್ತು. ಈಗ ಆ ದಾರಿ ದುಬಾರಿಯಾಯಿತು.

2021ರಲ್ಲಿ ಫಿಯಟ್ ಕ್ರೈಸ್ಲರ್ ಮತ್ತು ಫ್ರಾನ್ಸಿನ ಪ್ಯೂಜೊ ಗುಂಪು ಸೇರಿ ಸ್ಟೆಲ್ಲಾಂಟಿಸ್ ಆಯಿತು. ಅದರ ಪಾಲಿಗೆ 2018 ಮತ್ತು 2019ರ ಮಾಡೆಲ್‌ಗಳಿಗಾಗಿ ಬಂದ ದಂಡವೇ 23.55 ಕೋಟಿ ಡಾಲರ್. ಇದಕ್ಕೆ ಚಾರ್ಜರ್, ಚಾಲೆಂಜರ್ ಮಾತ್ರ ಕಾರಣವಲ್ಲ, ರ‍್ಯಾಮ್ ಮತ್ತು ಜೀಪ್ ಪಾಲೂ ಇದೆ. ಆದರೆ ಟ್ರಕ್ ಬಿಟ್ಟರೆ ಕಂಪನಿಗೆ ಬದುಕಿಲ್ಲ. ಕೈಬಿಡುವುದು ಸುಲಭವಾಗಿದ್ದದ್ದು ಡಾಡ್ಜ್ ಕಾರುಗಳನ್ನು. ಜೊತೆಗೆ ಎಲೆಕ್ಟ್ರಿಕ್ ಗಾಡಿಗಳಿಗೆ ದಾರಿ ಮಾಡುವ ಕ್ಯಾಲಿಫೋರ್ನಿಯದ ಕಟ್ಟುನಿಟ್ಟಿನ ನಿಯಮಗಳೂ ಎದುರಿಗಿದ್ದವು.

ಇದರ ಮೇಲೆ ಹಳೆಯ ಶತ್ರು ವಿಮೆಯೂ ಬಂದು ಕೂತಿತು. ವಾಹನ ವಿಮೆಯ ಅಂಕಿಅಂಶ ಇಡುವ ಅಮೆರಿಕದ ಹೈವೇ ಲಾಸ್ ಡೇಟಾ ಇನ್‌ಸ್ಟಿಟ್ಯೂಟ್ 2023ರಲ್ಲಿ ಕೊಟ್ಟ ವರದಿಯಲ್ಲಿ ಚಾರ್ಜರ್ ಹೆಲ್‌ಕ್ಯಾಟ್‌ನ ಕಳ್ಳತನದ ಪ್ರಮಾಣ ಸರಾಸರಿ ಕಾರಿಗಿಂತ 60 ಪಟ್ಟಿಗೂ ಹೆಚ್ಚಿತ್ತು. ಇಷ್ಟು ಕದಿಯಲ್ಪಡುವ ಕಾರಿಗೆ ವಿಮೆ ಅಗ್ಗವಾಗಿ ಸಿಗುವುದು ಸಾಧ್ಯವೇ?

2024ರ ಖಾಲಿ ಶೋರೂಮ್

ಕಾನೂನಿನ ಒತ್ತಡ ನಿಜ. ಆದರೆ ಅದಕ್ಕೆ ಹೇಗೆ ಉತ್ತರ ಕೊಡಬೇಕು ಅನ್ನುವ ತೀರ್ಮಾನ ಕಂಪನಿಯದು. ನನಗೆ ದೊಡ್ಡ ತಪ್ಪು ಕಾಣುವುದು ಇಲ್ಲಿ.

ಹಳೆ ಕಾರುಗಳು 2023ರ ಕೊನೆಗೆ ನಿಂತವು. ಎಲೆಕ್ಟ್ರಿಕ್ ಚಾರ್ಜರ್ ಗಿರಾಕಿಗಳ ಕೈ ಸೇರಲು ಒಂದು ವರ್ಷ ಹಿಡಿಯಿತು. ಆರು ಸಿಲಿಂಡರಿನ ಪೆಟ್ರೋಲ್ ಚಾರ್ಜರ್ ಬರಲು 2025ರ ಕೊನೆಯಾಯಿತು. ಮಧ್ಯದಲ್ಲಿ ಡೀಲರುಗಳ ಬಳಿ ಉಳಿದಿದ್ದು ಹಳೆ ದಾಸ್ತಾನು, ಡುರಾಂಗೊ ಮತ್ತು ಹಾರ್ನೆಟ್. ಹಾರ್ನೆಟ್ ಅಂದರೆ ಇಟಲಿಯಲ್ಲಿ ತಯಾರಾಗುವ ಆಲ್ಫಾ ರೋಮಿಯೊ ಎಸ್‌ಯುವಿಯ ಸೋದರ ಗಾಡಿ. ಡಾಡ್ಜ್ ಗಿರಾಕಿಗೆ ಅದು ತನ್ನದು ಅನ್ನಿಸಲೇ ಇಲ್ಲ.

ಫಲ ಅಂಕಿಗಳಲ್ಲಿ ಕಾಣುತ್ತದೆ. ಅಮೆರಿಕದಲ್ಲಿ 2023ರಲ್ಲಿ ಸುಮಾರು 2 ಲಕ್ಷ ಡಾಡ್ಜ್‌ಗಳು ಮಾರಾಟವಾಗಿದ್ದವು. 2024ರಲ್ಲಿ ಅದು ಸುಮಾರು 1.42 ಲಕ್ಷಕ್ಕೆ ಇಳಿಯಿತು. 2025ರಲ್ಲಿ ಇನ್ನೂ ಇಳಿಯಿತು. ಗಮನಿಸಿ, 2024ರ ಬಹುಪಾಲು ಎಲೆಕ್ಟ್ರಿಕ್ ಚಾರ್ಜರ್ ಅಂಗಡಿಯಲ್ಲೇ ಇರಲಿಲ್ಲ. ಆ ವರ್ಷದ ಕುಸಿತವನ್ನು ಅದರ ತಲೆಗೆ ಕಟ್ಟಲಾಗದು. ಮಾರಲು ಕಾರೇ ಇಲ್ಲದಿದ್ದರೆ ಮಾರಾಟ ಎಲ್ಲಿಂದ ಬರಬೇಕು?

ಕೊನೆಗೂ ಬಂದ ಎಲೆಕ್ಟ್ರಿಕ್ ಚಾರ್ಜರ್ ಹೇಗಿತ್ತು? ನೋಡಲು ಚೆಂದ. ಸ್ಕ್ಯಾಟ್ ಪ್ಯಾಕ್ ಆವೃತ್ತಿ 670 ಎಚ್‌ಪಿ. ಗಂಟೆಗೆ 60 ಮೈಲಿ ಮುಟ್ಟಲು 3.3 ಸೆಕೆಂಡ್ ಎಂದು ಕಂಪನಿ ಹೇಳಿಕೊಂಡಿತು. ಆದರೆ ತೂಕ 2,600 ಕೆಜಿ ದಾಟಿತು. ಒಂದು ಚಾರ್ಜಿಗೆ ಓಡುವುದು ಸುಮಾರು 390 ಕಿಲೋಮೀಟರ್. ಬೆಲೆ 73 ಸಾವಿರ ಡಾಲರಿನಿಂದ ಶುರು. 496 ಎಚ್‌ಪಿಯ ಕೆಳಗಿನ ಆವೃತ್ತಿಗೂ ಸುಮಾರು 60 ಸಾವಿರ ಡಾಲರ್. ಹಿಂದೆ 707 ಎಚ್‌ಪಿ ಹೆಲ್‌ಕ್ಯಾಟ್ ಸಿಕ್ಕಿದ್ದ ಬೆಲೆ ಅದು. ನಡುವೆ ಹಣದುಬ್ಬರ ಆಗಿದೆ, ಒಪ್ಪೋಣ. ಆದರೂ ಗಿರಾಕಿ ನೋಡುವುದು ಸ್ಟಿಕರ್ ಮೇಲಿನ ಬೆಲೆಯನ್ನು ಅಲ್ವಾ?

ಶಬ್ದದ ವಿಷಯ ಇನ್ನೊಂದು. ವಿ8 ಗುಡುಗು ಇಲ್ಲದ ಕೊರತೆ ತುಂಬಲು ಸ್ಪೀಕರ್ ಮತ್ತು ಕೊಳವೆಗಳ ವ್ಯವಸ್ಥೆಯೊಂದನ್ನು ಕಾರಿಗೆ ಜೋಡಿಸಿದರು. ಅದಕ್ಕೆ ಫ್ರಾಟ್ಜಾನಿಕ್ ಎಂದು ಹೆಸರಿಟ್ಟರು. ಹೆಲ್‌ಕ್ಯಾಟ್‌ನಷ್ಟೇ ಜೋರು ಎಂದರು. 2025ರಲ್ಲಿ 8 ಸಾವಿರಕ್ಕೂ ಹೆಚ್ಚು ಕಾರುಗಳನ್ನು ದುರಸ್ತಿಗೆ ವಾಪಸ್ ಕರೆಸಬೇಕಾಯಿತು. ನಿಧಾನವಾಗಿ ಹೋಗುವಾಗ ಪಾದಚಾರಿಗಳ ಎಚ್ಚರಿಕೆಗೆ ಬರಬೇಕಿದ್ದ ಶಬ್ದ ಕೆಲವು ಕಾರುಗಳಲ್ಲಿ ಬರುತ್ತಿರಲಿಲ್ಲ. ಹೊಸ ತಂತ್ರಜ್ಞಾನದಲ್ಲಿ ಇಂಥ ಎಡವಟ್ಟು ಆಗುತ್ತದೆ, ಸರಿಪಡಿಸಬಹುದು. ಆದರೆ ಮೊದಲೇ ಅನುಮಾನದಲ್ಲಿದ್ದ ಗಿರಾಕಿ ಇನ್ನಷ್ಟು ದೂರ ಸರಿದ. 2025ರ ಮೊದಲ ಮೂರು ತಿಂಗಳಲ್ಲಿ ಎಲೆಕ್ಟ್ರಿಕ್ ಚಾರ್ಜರ್ ಮಾರಾಟ ಎರಡು ಸಾವಿರವನ್ನೂ ಮುಟ್ಟಲಿಲ್ಲ.

ಯಾರು ಏನು ಹೇಳುತ್ತಾರೆ

ವಿ8 ಅಭಿಮಾನಿಗಳ ವಾದ ಸರಳ. ಶಬ್ದ, ನಡುಕ, ವಾಸನೆ ಎಲ್ಲ ಸೇರಿಯೇ ಮಸಲ್ ಕಾರು. ಅದನ್ನು ತೆಗೆದರೆ ಏನೂ ಉಳಿಯದು. ಅವರ ಬಳಿ ಪುರಾವೆಯೂ ಇದೆ. ರ‍್ಯಾಮ್ ಪಿಕಪ್‌ಗೆ ಹೆಮಿ ವಾಪಸ್ ಎಂದ 24 ಗಂಟೆಯಲ್ಲಿ 10 ಸಾವಿರಕ್ಕೂ ಹೆಚ್ಚು ಆರ್ಡರ್ ಬಂದವು ಎಂದು ಕಂಪನಿಯೇ ಹೇಳಿತು. ಬದಲಿಗೆ ಬಂದಿದ್ದ ಆರು ಸಿಲಿಂಡರಿನ ಎಂಜಿನ್ ಹೆಮಿಗಿಂತ ಜಾಸ್ತಿ ಶಕ್ತಿ ಕೊಡುತ್ತಿತ್ತು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಆದರೂ ಜನ ಹೆಮಿ ಕೇಳಿದರು.

ಎಲೆಕ್ಟ್ರಿಕ್ ಪರ ಇರುವವರು ಬೇರೆ ಹೇಳುತ್ತಾರೆ. ಉದ್ದೇಶ ಸರಿಯಿತ್ತು, ಕಾರು ಸರಿಯಿರಲಿಲ್ಲ ಎಂದು. ಅವರು ತೋರಿಸುವ ಉದಾಹರಣೆಗಳನ್ನು ತಳ್ಳಿಹಾಕಲಾಗದು. ಟೆಸ್ಲಾ ಮಾಡೆಲ್ 3 ಪರ್ಫಾರ್ಮೆನ್ಸ್ ಸುಮಾರು 55 ಸಾವಿರ ಡಾಲರಿಗೆ 510 ಎಚ್‌ಪಿ ಕೊಡುತ್ತದೆ. ತೂಕ ಚಾರ್ಜರ್‌ಗಿಂತ 800 ಕೆಜಿಯಷ್ಟು ಕಡಿಮೆ. ಹ್ಯುಂಡೈ ಐಯಾನಿಕ್ 5 ಎನ್ 66 ಸಾವಿರ ಡಾಲರ್ ಚಿಲ್ಲರೆಗೆ 641 ಎಚ್‌ಪಿ. ಅಂದರೆ ಕಡಿಮೆ ದುಡ್ಡಿಗೆ ಜಾಸ್ತಿ ಶಕ್ತಿ ಅನ್ನುವ ಡಾಡ್ಜ್‌ನ ಹಳೆ ಸೂತ್ರ ಎಲೆಕ್ಟ್ರಿಕ್‌ನಲ್ಲಿ ಸಾಯಲಿಲ್ಲ, ಬೇರೆಯವರ ಕೈ ಸೇರಿತು. ಈ ವಾದದಲ್ಲಿ ನನಗೆ ಬಹಳ ಹುರುಳು ಕಾಣುತ್ತದೆ.

ಡೀಲರುಗಳ ಸಿಟ್ಟು ಕಂಪನಿಯ ಆಡಳಿತದ ಮೇಲೆ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಡೀಲರುಗಳ ಮಂಡಳಿ ಸ್ಟೆಲ್ಲಾಂಟಿಸ್‌ನ ಆಗಿನ ಮುಖ್ಯಸ್ಥ ಕಾರ್ಲೋಸ್ ಟವಾರೆಸ್ ಅವರಿಗೆ ಬಹಿರಂಗ ಪತ್ರ ಬರೆದು, ಸದ್ಯದ ಲಾಭದ ಆಸೆಗೆ ಬ್ರ್ಯಾಂಡ್‌ಗಳನ್ನು ಹಾಳು ಮಾಡಲಾಗಿದೆ ಎಂದು ದೂರಿತು. ಡಿಸೆಂಬರ್ ಆರಂಭದಲ್ಲಿ ಟವಾರೆಸ್ ರಾಜೀನಾಮೆ ಕೊಟ್ಟರು. ಹೆಲ್‌ಕ್ಯಾಟ್ ಯುಗದಲ್ಲಿ ಡಾಡ್ಜ್ ನಡೆಸಿ ನಿವೃತ್ತರಾಗಿದ್ದ ಟಿಮ್ ಕುನಿಸ್ಕಿಸ್ ಅದೇ ತಿಂಗಳು ರ‍್ಯಾಮ್ ಮುಖ್ಯಸ್ಥರಾಗಿ ವಾಪಸ್ ಬಂದರು. ಮುಂದೆ ಅಮೆರಿಕದ ಬ್ರ್ಯಾಂಡ್‌ಗಳ ಹೊಣೆಯೂ ಅವರಿಗೇ ಬಂತು.

ವಿ8 ಬಂದಿತು, ಮುಂದೇನು?

ಜನ ಬದಲಾದರು ಎಂದ ಮಾತ್ರಕ್ಕೆ ವಿ8 ವಾಪಸ್ ಬರಲಿಲ್ಲ. ಲೆಕ್ಕ ಬದಲಾಯಿತು. 2025ರ ಜುಲೈನಲ್ಲಿ ಟ್ರಂಪ್ ಸಹಿ ಹಾಕಿದ ಕಾನೂನು ಕೆಫೆ ದಂಡವನ್ನು ಸೊನ್ನೆಗೆ ಇಳಿಸಿತು. ನಿಯಮ ಪುಸ್ತಕದಲ್ಲಿ ಉಳಿದಿದೆ, ಮುರಿದರೆ ಶಿಕ್ಷೆ ಇಲ್ಲ. ಅದಕ್ಕೆ ಒಂದು ತಿಂಗಳ ಮುಂಚೆ ಕ್ಯಾಲಿಫೋರ್ನಿಯದ ಪ್ರತ್ಯೇಕ ನಿಯಮಕ್ಕೆ ಕೊಟ್ಟಿದ್ದ ಅನುಮತಿಯನ್ನು ರದ್ದು ಮಾಡಿದ್ದರು. ಸೆಪ್ಟೆಂಬರ್ 30ಕ್ಕೆ ಎಲೆಕ್ಟ್ರಿಕ್ ಕಾರಿಗಿದ್ದ 7,500 ಡಾಲರಿನ ತೆರಿಗೆ ರಿಯಾಯಿತಿಯೂ ಮುಗಿಯಿತು. ನಾಲ್ಕೇ ತಿಂಗಳಲ್ಲಿ ವಿ8 ಮಾರುವ ಖರ್ಚು ಇಳಿಯಿತು, ಎಲೆಕ್ಟ್ರಿಕ್ ಕೊಳ್ಳುವ ಖರ್ಚು ಏರಿತು.

ಹಾಗಾದರೆ ಹಳೆ ದಿನ ಮರಳಿತೇ? ನನಗೆ ಹಾಗನ್ನಿಸುವುದಿಲ್ಲ.

ಹೆಮಿಯನ್ನು ಅಗ್ಗವಾಗಿಸಿದ್ದು ಸಾಲ ತೀರಿದ ಚಾಸಿ ಎಂದು ಆಗಲೇ ನೋಡಿದೆವು. ಅದು ಈಗಿಲ್ಲ. ಹೊಸ ಚಾರ್ಜರ್ ನಿಂತಿರುವುದು ಪೆಟ್ರೋಲ್, ಎಲೆಕ್ಟ್ರಿಕ್ ಎರಡಕ್ಕೂ ಹೊಂದುವಂತೆ ಮಾಡಿದ ಹೊಸ ಚಾಸಿಯ ಮೇಲೆ. ಅದಕ್ಕೆ ಹಾಕಿದ ದುಡ್ಡು ಇನ್ನೂ ವಾಪಸ್ ಬರಬೇಕು. 420 ಎಚ್‌ಪಿಯ ಆರು ಸಿಲಿಂಡರ್ ಚಾರ್ಜರ್‌ಗೇ ಸುಮಾರು 50 ಸಾವಿರ ಡಾಲರ್, 550 ಎಚ್‌ಪಿಯದಕ್ಕೆ ಸುಮಾರು 55 ಸಾವಿರ. ಈ 550 ಎಚ್‌ಪಿ ಕಾರು ಒಳ್ಳೆಯ ಕಾರು, ಹಳೆ ಸ್ಕ್ಯಾಟ್ ಪ್ಯಾಕ್‌ಗಿಂತ ಬಲಶಾಲಿ. ಆದರೆ ಹಿಂದೆ 30 ಸಾವಿರ ಡಾಲರ್ ಚಿಲ್ಲರೆಗೆ ಆರು ಸಿಲಿಂಡರಿನ ಚಾಲೆಂಜರ್ ಕೊಂಡು, ನಾಲ್ಕು ವರ್ಷ ಬಿಟ್ಟು ವಿ8ಗೆ ಏರುತ್ತಿದ್ದ ಹುಡುಗನಿಗೆ ಹತ್ತಲು ಮೊದಲ ಮೆಟ್ಟಿಲೇ ಇಲ್ಲ. ಹೊಸ ಚಾರ್ಜರ್‌ಗೂ ಹೆಮಿ ಬರುತ್ತದೆ ಎಂಬ ಮಾತು ಬಲವಾಗಿದೆ. ಬಂದರೂ ಅದು ಕೆಳಗಿನ ಬೆಲೆಯಲ್ಲಿ ಬರುವುದು ಕಷ್ಟ.

ಸುಂಕದ ಹೊರೆಯೂ ಇದೆ. ಚಾರ್ಜರ್ ತಯಾರಾಗುವುದು ಕೆನಡಾದ ವಿಂಡ್ಸರ್‌ನಲ್ಲಿ, ಡೆಟ್ರಾಯಿಟ್‌ನಿಂದ ನದಿ ದಾಟಿದರೆ ಸಿಗುವ ಊರು. 2025ರ ಏಪ್ರಿಲ್‌ನಿಂದ ಅಮೆರಿಕ ಆಮದು ಕಾರುಗಳ ಮೇಲೆ ಶೇ 25ರಷ್ಟು ಸುಂಕ ಹಾಕಿತು. ಕೆನಡಾದಿಂದ ಬರುವ ಕಾರಿನಲ್ಲಿ ಅಮೆರಿಕದ ಬಿಡಿಭಾಗಗಳ ಪಾಲಿಗೆ ವಿನಾಯಿತಿ ಇದೆ, ಉಳಿದದ್ದಕ್ಕೆ ಇಲ್ಲ. ಇಟಲಿಯ ಹಾರ್ನೆಟ್ ಈ ಸುಂಕದ ಹೊಡೆತಕ್ಕೆ ಸಿಕ್ಕು ಹೊರಟೇ ಹೋಯಿತು. ಬ್ರಾಂಪ್ಟನ್ ಕಾರ್ಮಿಕರ ಪಾಡು ಇನ್ನೂ ನೋವಿನದು. ಚಾಲೆಂಜರ್ ನಿಂತ ಮೇಲೆ ಅವರಿಗೆ ಜೀಪ್ ಕಂಪಾಸ್ ಕೆಲಸ ಸಿಗಬೇಕಿತ್ತು. 2025ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ 1,300 ಕೋಟಿ ಡಾಲರ್ ಹೂಡುವುದಾಗಿ ಹೇಳಿದ ಸ್ಟೆಲ್ಲಾಂಟಿಸ್ ಆ ಕಂಪಾಸ್ ಅನ್ನು ಇಲಿನಾಯ್‌ನ ಬೆಲ್ವಿಡಿಯರ್‌ಗೆ ಸಾಗಿಸಿತು. ಡಾಡ್ಜ್‌ಗೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅನ್ನ ಹಾಕಿದ ಕಾರ್ಖಾನೆ ಖಾಲಿ ಕೂತಿತು.

ಎಲ್ಲಕ್ಕಿಂತ ದೊಡ್ಡ ಅಪಾಯ ಸಮಯದ್ದು. ಒಂದು ಹೊಸ ಕಾರು ಕಾಗದದಿಂದ ರಸ್ತೆಗೆ ಬರಲು ನಾಲ್ಕೈದು ವರ್ಷ ಬೇಕು. ಅಮೆರಿಕದ ಅಧ್ಯಕ್ಷರ ಅವಧಿ ನಾಲ್ಕೇ ವರ್ಷ. ಒಬ್ಬರು ದಂಡ ಏರಿಸಿದರು, ಇನ್ನೊಬ್ಬರು ಸೊನ್ನೆ ಮಾಡಿದರು, 2029ರ ಜನವರಿಯಲ್ಲಿ ಬರುವವರು ಏನು ಮಾಡುತ್ತಾರೋ ಯಾರೂ ಹೇಳಲಾರರು. ಟೊಯೊಟಾದಂಥ ಕಂಪನಿಗೆ ಇದು ಅಷ್ಟು ತಟ್ಟದು. ಹೈಬ್ರಿಡ್, ಪೆಟ್ರೋಲ್, ಎಲೆಕ್ಟ್ರಿಕ್ ಎಲ್ಲವೂ ಅವರ ಬಳಿ ಇದೆ, ಗಾಳಿ ಬಂದ ಕಡೆ ತೂರಿಕೊಳ್ಳುತ್ತಾರೆ. ಎರಡೇ ಗಾಡಿ ಇರುವ ಬ್ರ್ಯಾಂಡ್‌ಗೆ ಒಂದು ತಪ್ಪು ಊಹೆಯೂ ಭಾರಿಯೇ. ಜನರಲ್ ಮೋಟರ್ಸ್ ತನ್ನ ಪಾಂಟಿಯಾಕ್ ಬ್ರ್ಯಾಂಡ್ ಅನ್ನು 2010ರಲ್ಲಿ ಮುಚ್ಚಿತು, ಮಸಲ್ ಕಾರಿನ ಅಲೆ ಎಬ್ಬಿಸಿದ ಜಿಟಿಒ ಅದರದ್ದೇ ಆಗಿದ್ದರೂ. ಹೆಮಿಗೆ ದೊಡ್ಡ ಗೆಲುವು ತಂದ ಪ್ಲಿಮತ್ 2001ರಲ್ಲೇ ಮುಗಿದಿತ್ತು. ಇತಿಹಾಸ ದೊಡ್ಡದಿದ್ದರೆ ಬ್ರ್ಯಾಂಡ್ ಉಳಿಯುತ್ತದೆ ಅನ್ನುವ ಖಾತರಿ ಇಲ್ಲ.

ಅದಕ್ಕೇ ಎಂಜಿನ್ ಯಾವುದು ಅನ್ನುವುದಕ್ಕಿಂತ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, 40 ಸಾವಿರ ಡಾಲರಿನೊಳಗೆ ಡಾಡ್ಜ್ ಮತ್ತೆ ಒಂದು ವೇಗದ ಕಾರು ಕೊಡುತ್ತದೆಯೇ ಅನ್ನುವುದು. ಅದು ನಾಲ್ಕು ಸಿಲಿಂಡರಿನದಾದರೂ, ಹೈಬ್ರಿಡ್ ಆದರೂ, ಹಳೆ ಗಿರಾಕಿಗಳ ಮಕ್ಕಳು ಶೋರೂಮಿಗೆ ಬರುತ್ತಾರೆ. ಇನ್ನೊಂದು, ಹೊಸ ಪೀಳಿಗೆಯ ಡುರಾಂಗೊ. ಈಗಿನದು 2011ರ ಮಾಡೆಲ್‌ನಿಂದ ಓಡುತ್ತಿರುವ ಗಾಡಿ, ಡಾಡ್ಜ್‌ನ ಮಾರಾಟವನ್ನು ಹೊತ್ತಿರುವುದು ಬಹುಮಟ್ಟಿಗೆ ಅದೇ. ಬದಲಿ ಗಾಡಿಗಾಗಿ ಡೆಟ್ರಾಯಿಟ್ ಕಾರ್ಖಾನೆಗೆ 13 ಕೋಟಿ ಡಾಲರ್ ಹಾಕುವುದಾಗಿಯೂ, ಉತ್ಪಾದನೆ 2029ರಲ್ಲಿ ಶುರು ಎಂದೂ ಕಂಪನಿ ಹೇಳಿದೆ. ಅಲ್ಲಿವರೆಗೆ ಚಾರ್ಜರ್ ಒಂದೇ ಹೊಸ ಕಾರು.